ಹನ್ನೆರಡು ದಿನದ ಕಪ್ಪು ಕಾಗದ

ನೌಬಾದ, ಬೀದರ
೨೪ ಏಪ್ರಿಲ್ ೨೦೧೬, ರವಿವಾರ

ಸುಮೇಧಾಳ ಪಪ್ಪಾ ಅವರಿಗೆ ಅನುಸೂಯಾಳ ಸಪ್ರೇಮ ಜೈಭೀಮ.

ಸಿಮೆಂಟಿನಿಂದ ಒಡೆದ ನಿಮ್ಮ ಅಂಗೈ ಮಾಯ್ದಿದೆಯೇ? ಪುಣೆಯಲ್ಲಿ ಹೇಳುವವರಿಲ್ಲವೆಂದು ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಕೆಮ್ಮು ಹೇಗಿದೆ ಎಂದೂ ತಿಳಿಸಿ. ಇಲ್ಲಿ ನಳಕ್ಕೆ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಜನ ಊರು ಬಿಟ್ಟು ಓಣಿಯ ಅರ್ಧ ಮನೆಗಳಿಗೆ ಬೀಗ. ನಮ್ಮೂರು ಚಿಂತಾಕಿಯ ಬಾವಿ ಬತ್ತಿದ ಮೇಲೆ ಅತ್ತೆಯವರು ನನ್ನ ಜೊತೆಗೇ ಇದ್ದಾರೆ. ರೊಟ್ಟಿ ಚೆನ್ನಾಗಿ ತಿನ್ನುತ್ತಾರೆ, ನನ್ನನ್ನು ಬೈಯಲು ಶಕ್ತಿಯೂ ಉಳಿದಿದೆ. ನಿಮಗೆ ಚಿಂತೆ ಬೇಡ.

ಫೋನಿನಲ್ಲಿ ನೀವು ಹೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. "ಆ ಕರಿ ಕಾಗದ ಹರದು ಒಲಿಗಿ ಹಾಕು, ಖೋಲಿ ಖಾಲಿ ಮಾಡು, ಪುಣಾಕ ಬಾ. ಮನಸಿಗಿ ಹಗುರ ಆಗ್ತದ" ಅಂದಿರಿ. ನಾನು ಹರಿಯುವುದಿಲ್ಲ.

ಅದು ಹೇಗೆ ಬಂತೆಂದು ನಿಮಗೆ ಪೂರ್ತಿ ಗೊತ್ತಿಲ್ಲ. ಮುನವ್ವರ ಬೇಗಂ ಅವರ ಫ್ಯಾನ್ಸಿ ಅಂಗಡಿಗೆ ಹೈದರಾಬಾದಿನಿಂದ ಅದರ ಸುರುಳಿ ಬರುತ್ತದೆ. ಹಿಂದೆ ಅಂಟು, ಮುಂದೆ ಶಾಲೆಯ ಹಲಗೆಯಂತೆ ಕಪ್ಪು. ಚಾಕ್‌ಪೀಸಿನಿಂದ ಬರೆದು ಒರೆಸಬಹುದು. ನಾನು ಅದನ್ನು ಕತ್ತರಿಸಿ ಮಸಾಲೆ ಡಬ್ಬಿಗಳಿಗೆ ಚೀಟಿ, ಮದುವೆಯ ಅಲ್ಬಮ್‌ಗಳಿಗೆ ಹೆಸರಿನ ಪಟ್ಟಿ ಮಾಡಿ ಅವರಿಗೆ ಕೊಡುತ್ತೇನೆ. ಹೊಸ ಹಾಳೆಗೆ ಮೊದಲು ಚಾಕ್‌ಪೀಸನ್ನು ಅಡ್ಡ ಹಿಡಿದು ಎಲ್ಲ ಕಡೆ ತಿಕ್ಕಬೇಕು, ಒಣ ಬಟ್ಟೆಯಿಂದ ಒರೆಸಬೇಕು, ಆಮೇಲೆ ಬರೆಯಬೇಕು. ಇಲ್ಲದಿದ್ದರೆ ಮೊದಲು ಬರೆದದ್ದರ ಗುರುತು ಹೋಗುವುದೇ ಇಲ್ಲ. ಜನವರಿಯಲ್ಲಿ ಮಿಕ್ಕ ಒಂದು ತುಂಡನ್ನು ಕಪಾಟಿನ ಬಾಗಿಲಿಗೆ ಅಂಟಿಸಿ, ಒಣ ಬಟ್ಟೆ ತರುವಷ್ಟರಲ್ಲಿ ನಿಮ್ಮ ಮಗಳು ಬರೆದುಬಿಟ್ಟಿದ್ದಳು. ಅದೂ ಪಾಟಿಯ ಮೇಲೆ ಬರೆಯುವ ಹಾಗೆ, ಅಕ್ಷರ ದಟ್ಟವಾಗಲೆಂದು ಚಾಕ್‌ಪೀಸನ್ನು ನೀರಿಗೆ ಅದ್ದಿ. 'ಪಪ್ಪಾ ಬರಲು ಇನ್ನು ೧೨ ದಿನ.' ಕಾಗದ ಕೆಡಿಸಿದಳೆಂದು ಬೈದೆ. "ಬರಿಲಾಕೇ ತಂದಿದ್ದಿ ಅಲ್ಲ ಮಮ್ಮಿ, ಮತ್ತ ಯಾಕ ಬೈತಿ?" ಅಂದಳು.

ದಿನಾ ಬೆಳಿಗ್ಗೆ ಸಂಖ್ಯೆಯನ್ನು ಒರೆಸಿ ಒಂದು ಕಡಿಮೆ ಬರೆಯುತ್ತಿದ್ದಳು. ನಾಲ್ಕಕ್ಕೆ ಬಂದಾಗ ಜ್ವರ ಬಂತು. ನೀವು ರಜೆ ಕೊಡದ ಕೂಲಿ ಮುಕಾದಮನ ಮಾತು ಮೀರಿ ಬಸ್ಸು ಹತ್ತಿದಿರಿ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದಿರಿ. ಅವಳು ಅಷ್ಟೂ ತಡೆಯಲಿಲ್ಲ. ನೀವು ಮಾತು ತಪ್ಪಿದವರಲ್ಲ. ಇದನ್ನು ನಾನು ಸ್ವಂತ ಕೈಯಿಂದ ಬರೆದು ಕೊಡುತ್ತಿದ್ದೇನೆ, ಬೇಕಾದಾಗ ತೆಗೆದು ಓದಿಕೊಳ್ಳಿ. ಆ ಹಾಳೆ ನಿಮ್ಮ ಮೇಲಿನ ಫಿರ್ಯಾದು ಅಲ್ಲ. ಅದು ಅವಳ ಕೈಬರಹ.

ಕಳೆದ ವಾರ ಭಾಲ್ಕಿಯಿಂದ ವೈಜಿನಾಥ ಭಾವ ಬಂದಿದ್ದರು. ನೀವೇ ಹೇಳಿ ಕಳಿಸಿದ್ದೆಂದು ನನಗೆ ಗೊತ್ತು. ಒದ್ದೆ ಬಟ್ಟೆ ಹಿಡಿದು ತಾವೇ ಹಾಳೆ ಒರೆಸಿದರು. "ನೋಡವ್ವಾ, ಹೋಯ್ತು. ಇಷ್ಟಕ್ಕ ಎಷ್ಟು ರಂಪ" ಅಂದರು. ನಾನು ಚಹಾ ಇಟ್ಟೆ. ಅವರು ಕುಡಿದು ಮುಗಿಸುವಷ್ಟರಲ್ಲಿ ಹಾಳೆ ಒಣಗಿ ಅಕ್ಷರಗಳು ಮತ್ತೆ ಎದ್ದವು. ಅಲ್ಲಿಯವರೆಗೆ ನನ್ನನ್ನು "ಸತ್ತ ಕೂಸಿನ ಕಾಗದಕ್ಕ ಗೋಂದ ಹಚ್ಚಿಕೋತ ಕೂತಾಳ" ಎನ್ನುತ್ತಿದ್ದ ಅತ್ತೆಯವರೇ, "ಇನ್ನೊಂದು ಕಪ್ ಕುಡಿ ವೈಜ್ಯಾ, ಅಕಿ ಅಕ್ಷರ ನಿನಗಿಂತ ಹಟಮಾರಿ ಅವ" ಅಂದರು. ನಾನು ನಕ್ಕೆ. ಜನವರಿಯಿಂದ ಅದೇ ಮೊದಲು.

ಅವರು ಹೋದ ಮೇಲೆ ಹಾಳೆಯ ಮೇಲೆ ಬಟ್ಟೆ ಹಾಸಿ, ಇಸ್ತ್ರಿಯ ಕಾವು ಕೊಟ್ಟು, ಮೂಲೆಯಿಂದ ನಿಧಾನವಾಗಿ ಬಿಡಿಸಿದೆ. ಒಂದು ಮಧ್ಯಾಹ್ನವೇ ಹಿಡಿಯಿತು. ಈಗ ಅದು ಅವಳ ಫೋಟೋಗಳಿಗೆಂದು ನಾನು ಮಾಡಿದ ಅಲ್ಬಮ್ಮಿನ ಮೊದಲ ಪುಟ. ಬೆಳಕಿಗೆ ಓರೆ ಹಿಡಿದರೆ ಹನ್ನೆರಡರಿಂದ ನಾಲ್ಕರವರೆಗೆ ಎಲ್ಲ ಸಂಖ್ಯೆಗಳೂ ಒಂದರ ಮೇಲೊಂದು ಕಾಣುತ್ತವೆ. ಫೋಟೋದ ಕೆಳಗೆ 'ದಿವಂಗತ' ಎಂದು ಬರೆಯಲು ಭಾವ ಹೇಳಿದ್ದರು. ನಾನು 'ಸುಮೇಧಾ, ಮೂರನೇ ಇಯತ್ತೆ' ಎಂದು ಬರೆದೆ. ಏಳನೇ ಇಯತ್ತೆಯವರೆಗೆ ಶಾಲೆ ಓದಿದ ನನಗೆ ಅಷ್ಟು ಬರೆಯಲು ಯಾರ ಅಪ್ಪಣೆಯೂ ಬೇಡ. ಇಂಥದ್ದನ್ನು ಒಲೆಗೆ ಹಾಕಿದರೆ ಮನಸ್ಸು ಹಗುರವಾಗುವುದಿಲ್ಲ, ಬರೀ ಬರಿದಾಗುತ್ತದೆ.

ನೀವು ಇದನ್ನು ನೋಡಲು ಹೆದರುತ್ತೀರಿ. ನಾನೂ ಹೆದರಿದ್ದೆ. ಆದರೂ ನೋಡಿದೆ.

ಅತ್ತೆಯವರ ಆಶೀರ್ವಾದ ನಿಮ್ಮ ಮೇಲಿದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ
ಅನುಸೂಯಾ

ತಾ.ಕ.: ಬರುವ ಶುಕ್ರವಾರ ಸಾಮಾನು ಒಯ್ಯಲು ಭಾವ ಟೆಂಪೊ ತರುವವರಿದ್ದರು, ಬೇಡವೆಂದು ಹೇಳಿದ್ದೇನೆ. ಖೋಲಿಯ ಬಾಡಿಗೆ ಕರಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೇನೆ, ನಾಳೆ ಸೋಮವಾರದಿಂದ ಬೇಗಂ ಅವರ ಅಂಗಡಿಯ ಮಾಳಿಗೆಯಲ್ಲಿ ಹೆಂಗಸರಿಗೆ ಈ ಕಾಗದದ ಕೆಲಸ ಕಲಿಸುತ್ತೇನೆ. ನಾನು ಪುಣೆಗೆ ಬರುವುದಿಲ್ಲ. ನೀವು ಬನ್ನಿ. ಯಾವ ದಿನ ಬರುತ್ತೀರೆಂದು ಮಾತ್ರ ಮೊದಲೇ ತಿಳಿಸಬೇಡಿ. ಬಂದುಬಿಡಿ.