ಆಯಸ್ಕಾಂತ ಕಚ್ಚಿದ ಸೈಕಲ್

ವೆಂಡೆಲ್,

ಫ್ರಿಜ್ ಬಾಗಿಲಲ್ಲಿದ್ದ ನಮ್ಮ ಮದುವೆ ಫೋಟೋ ಅಂಟಿಸಿರೋ ಆಯಸ್ಕಾಂತ ಹುಡುಕಬೇಡ, ನಾನೇ ಒಯ್ದೆ. ಹೋದ ಸಲ ಹೊಳಪಿಗೆ ಮರುಳಾಗಿ ನೀನು ತಂದ ಅಲ್ಯೂಮಿನಿಯಂ ಸೈಕಲ್ಲು, ನೀನು ಅದಕ್ಕೆ ಜೋಡಿಸಿದ ಮೋಟಾರಿನ ನಡುಕಕ್ಕೇ ಸೀಳಿಹೋಯ್ತಲ್ಲ, ಅಷ್ಟು ಸಾಕು!

ಎದುರುಮನೆ ಹೋಮರ್ ಹಳೇ ಸಾಮಾನು ಮಾರ್ತಿದ್ದ. ಒಂದೊಂದೇ ಸೈಕಲ್ಲಿಗೆ ಆಯಸ್ಕಾಂತ ಹಿಡಿದೆ, ಅಲ್ಯೂಮಿನಿಯಂಗೆ ಅದು ಅಂಟಲ್ಲವಲ್ಲ. "ಏನವ್ವಾ, ಜ್ವರ ನೋಡ್ತಿದ್ದೀಯಾ?" ಅಂದ. ಕೊನೆಗೆ ದಪ್ಪ ಟೈರಿನ ಹಸಿರು ಕ್ರೂಸರ್‌ಗೆ ಟಪ್ ಅಂತ ಅಂಟ್ತು. ಅಪ್ಪಟ ಉಕ್ಕು ಕಣೋ, ಅದೂ ಅಗ್ಗಕ್ಕೆ! ನಿನ್ನ ಮೋಟಾರಿನಳತೆಗೆ ಕತ್ತರಿಸಿ ಒಯ್ದಿದ್ದ ರಟ್ಟೂ ಚೌಕಟ್ಟಿನೊಳಗೆ ಸಲೀಸಾಗಿ ಕೂತಿತು.

ಶೆಡ್ಡಲ್ಲಿದೆ. ಊಟದ ಮೇಜಿಂದ ಮೋಟಾರ್ ಎತ್ತಿ ಇವತ್ತೇ ಜೋಡಿಸು. ಎಣ್ಣೆ ಕೈಯಲ್ಲಿ ಕಿಟಕಿ ಪರದೆ ಮುಟ್ಟೀಯ, ಜೋಕೆ!

ಸೈಕಲ್ಲಿಗೆ ಅಂಟಿರೋ ಆಯಸ್ಕಾಂತ ಮಾತ್ರ ಕೀಳಬೇಡ. ಇರೋದು ಒಂದೇ ಸೀಟು, ಮೊದಲ ಸವಾರಿ ನನ್ನದು. ನೀನು ಫೋಟೋದಲ್ಲಿ ಬಾ.

ಮಾರ್ಲಾ