ನಿಮ್ಮ ಉಣ್ಣೆ ಬನಿಯನ್ ನನ್ನ ಮೈಮೇಲಿದೆ

ರೀ,

ಎದ್ದ ತಕ್ಷಣ ಬೀರು ತಡಕಾಡಬೇಡಿ. ನಿಮ್ಮ ಉಣ್ಣೆ ಬನಿಯನ್, ಅದರ ಮೇಲಿನ ದಪ್ಪ ಸ್ವೆಟರ್, ಗಾಳಿ ತಡೆಯುವ ಕೋಟು, ಎಲ್ಲ ಹಾಕಿಕೊಂಡು ನಾನೇ ಹೊರಟಿದ್ದೇನೆ. ನಿನ್ನೆ ಬಿಟ್ಟ ಬಲೆಯನ್ನು ಇವತ್ತು ಎತ್ತಲೇಬೇಕು. ನಿಮ್ಮಣ್ಣ ದೋಣಿ ಹತ್ತಿರ ಕಾಯುತ್ತಿದ್ದಾರೆ.

ಅವತ್ತೇ ಬಡಕೊಂಡೆ, ಒಳಗೆ ಹತ್ತಿ ಬನಿಯನ್ ಬೇಡ, ಬಲೆ ಎಳೆದು ಬೆವತರೆ ಅದು ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತೆ, ಆಮೇಲೆ ಚಳಿ ಎದೆಗೇ ಇಳಿಯುತ್ತೆ ಅಂತ. "ಮೀನೇನು ನನ್ನ ಬನಿಯನ್ ನೋಡುತ್ತಾ?" ಅಂದಿರಿ. ಈಗ ನಿಮ್ಮ ಕೆಮ್ಮು ಪಕ್ಕದ ಮನೆಯವರನ್ನೂ ಎಬ್ಬಿಸುತ್ತಿದೆ.

ಫ್ಲಾಸ್ಕಿನಲ್ಲಿ ಬಿಸಿನೀರಿದೆ. ಏನಾದರೂ ತಿಂದ ಮೇಲೆ ಮಾತ್ರೆ ನುಂಗಿ, ಬರಿ ಹೊಟ್ಟೆಯಲ್ಲಲ್ಲ.

ನನ್ನ ಚಿಂತೆ ಬಿಡಿ. ಬಲೆ ಎಳೆಯುವಾಗ ಕೋಟು ಬಿಚ್ಚುತ್ತೇನೆ, ಕೈ ಬಿಡುವಾದ ಕೂಡಲೇ ಹಾಕಿಕೊಳ್ಳುತ್ತೇನೆ. ನಿಮಗೆ ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ.

ದಡದವರೆಗಾದರೂ ಬಂದು ನೋಡೋಣ ಅನ್ನಿಸಿದರೆ, ಬೂಟೂ ಇಲ್ಲ. ಎರಡು ಜೊತೆ ಕಾಲುಚೀಲದ ಮೇಲೆ ಅದು ನನಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ.

ನಿಮಗೆಂದು ಬೀರುವಿನಲ್ಲಿ ಆ ಹತ್ತಿ ಬನಿಯನ್ ಬಿಟ್ಟಿದ್ದೇನೆ. ಅದನ್ನು ಹಾಕಿಕೊಂಡು ಹಾಸಿಗೆಯವರೆಗೆ ಹೋಗಬಹುದು.