ಇಸ್ತ್ರಿ ಮೇಜಿನ ಪಕ್ಕದ ಗಿಡ

ಹೊಲಿಗೆ ಅಂಗಡಿಯಿಂದ,
ಬುಧವಾರ, ಊಟದ ಬಿಡುವಿನಲ್ಲಿ

ನನ್ನ ಜೀವ ತಿನ್ನುವ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ನಾಲ್ಕು ಪುಟದ ಕಾಗದ ತಲುಪಿತು. ಗಿಡಕ್ಕೆ ನಲ್ಲಿ ನೀರು ಬೇಡ, ಮಳೆನೀರು ಬೇಕು. ಬಿಸಿಲು ಬೇಡ, ಹಾಗೆಂದು ಕತ್ತಲೆಯೂ ಬೇಡ. ದೊಡ್ಡ ಕಾಡಿನ ಮರಗಳಡಿ ಹುಟ್ಟಿದ ಜಾತಿ, ಗಾಳಿಯಲ್ಲಿ ಸದಾ ತೇವ ಇರಬೇಕು. ಎಲ್ಲ ಓದಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ ಎಂಬುದು ಮಾತ್ರ ನಾಲ್ಕು ಪುಟದಲ್ಲೂ ಸಿಗಲಿಲ್ಲ. ನಿನ್ನ ಹಳೆಯ ಪಾಠಪುಸ್ತಕ ನೋಡಿ ಅಕ್ಷರ ಕಲಿತವಳು ನಾನು. ಎಲ್ಲಾದರೂ ಓದು ತಪ್ಪಿತೇನೋ ಎಂದು ಎರಡು ಸಲ ಹುಡುಕಿದೆ.

ಎರಡೇ ವಾರ ಇಟ್ಟುಕೋ ಎಂದು ಗಿಡವನ್ನು ನೀನು ಇಲ್ಲಿ ಬಿಟ್ಟುಹೋದೆ. ನಾಲ್ಕು ತಿಂಗಳಾಯಿತು. ನನ್ನ ಸಿಟ್ಟು ಅದಕ್ಕಲ್ಲ. ನಿನ್ನ ಹೆಂಡತಿ ಮನೆ ಬಿಡುವಾಗ, ನನ್ನ ಗಿಡ ಒಯ್ಯಲು ಮಾತ್ರ ಒಂದು ದಿನ ಬರುತ್ತೇನೆ ಎಂದು ಹೇಳಿ ಹೋಗಿದ್ದಾಳೆ. ಅವಳು ನಿನ್ನ ಬಾಗಿಲಿಗೆ ಬರಲು ಉಳಿದಿರುವ ನೆಪ ಅದೊಂದೇ. ನಿನ್ನ ಕೈಯಲ್ಲಿ ಸತ್ತೀತು ಎಂದು ಹೆದರಿ, ಆ ನೆಪವನ್ನೇ ಎತ್ತಿಕೊಂಡು ಬಂದು ನನ್ನ ಅಂಗಡಿಯಲ್ಲಿ ಇಟ್ಟೆಯಲ್ಲ ಮಾರಾಯ! ಇನ್ನು ಅವಳು ಎಲ್ಲಿಗೆ ಬರುತ್ತಾಳೆ, ನಿನ್ನ ಮನೆಗೋ ನನ್ನ ಅಂಗಡಿಗೋ? ಲೆಕ್ಕದ ಮೇಷ್ಟ್ರು ಬೇರೆ ನೀನು.

ಹೋದ ಕಾಗದದಲ್ಲಿ ಗಿಡ ಚೆನ್ನಾಗಿದೆ ಎಂದು ಬರೆದಿದ್ದೆ. ಸುಳ್ಳು. ಎಲೆಯಂಚು ಕಂದಾಗಿತ್ತು, ನೋಡಲಾಗದೆ ಬಟ್ಟೆ ಕತ್ತರಿಯಿಂದ ಎಲ್ಲ ಎಲೆಗಳನ್ನೂ ಒಂದೇ ಅಳತೆಗೆ ಕತ್ತರಿಸಿಬಿಟ್ಟೆ. ಆಮೇಲೆ ಕಾಂಡ ಬಾಗಿತು. ಅಂಗಡಿಯ ಹೆಂಗಸರಿಗೆಲ್ಲ ಅದರ ಮೇಲೆ ಕರುಣೆ: ಕಾಜಾ ಹಾಕುವಾಕೆ ಬೆಳಿಗ್ಗೆ, ಇಸ್ತ್ರಿಯಾಕೆ ಮಧ್ಯಾಹ್ನ, ನಾನು ಬಾಗಿಲು ಹಾಕುವಾಗ, ಒಬ್ಬರಿಗೊಬ್ಬರು ಹೇಳದೆ ನೀರು ಹೊಯ್ದೆವು. ಒಂದು ದಿನ ಮಣ್ಣು ಹಳಸಿದ ವಾಸನೆ ಹೊಡೆಯಿತು. ಕಿತ್ತು ನೋಡಿದರೆ ಅರ್ಧ ಬೇರು ಕೊಳೆತು ಕಪ್ಪಾಗಿತ್ತು. ಅಂದು ನನಗೆ ಊಟ ಸೇರಲಿಲ್ಲ. ಗಿಡ ಹೋದರೆ ನಿಮ್ಮಿಬ್ಬರ ನಡುವಿನ ಕೊನೆಯ ಎಳೆಯೂ ಹೋಯಿತಲ್ಲ ಎಂದು. ಕೊಳೆತದ್ದನ್ನೆಲ್ಲ ಕತ್ತರಿಸಿ, ಉಳಿದ ಬೇರು ತೊಳೆದು, ಹಗುರ ಮಣ್ಣಿನಲ್ಲಿ ನೆಟ್ಟೆ. ಜಾಗವಿಲ್ಲದೆ ಇಸ್ತ್ರಿ ಮೇಜಿನ ಪಕ್ಕ ಇಟ್ಟೆ. ಅಲ್ಲಿ ದಿನವಿಡೀ ಒದ್ದೆ ಬಟ್ಟೆಯಿಂದ ಹಬೆ ಏಳುತ್ತದಲ್ಲ, ಮೂರೇ ವಾರಕ್ಕೆ ಅಳತೆಪಟ್ಟಿಯಂತೆ ಸುರುಳಿ ಸುತ್ತಿದ ಹೊಸ ಎಲೆ ಬಂತು. ಈಗ ನಾಲ್ಕಿವೆ.

ಒಂದು ಮಾತು ಕೇಳು. ಅವಳು ಪೆಟ್ಟಿಗೆ ಕಟ್ಟುತ್ತಿದ್ದಾಗ ನೀನು ಕುಂಡದ ಮುಂದೆ ಕೂತು ಮಣ್ಣಿಗೆ ಬೆರಳಿಟ್ಟು ನೋಡುತ್ತಿದ್ದೆಯಂತೆ. ಹೋಗಬೇಡ ಎನ್ನಲು ಅಷ್ಟು ಕಷ್ಟವೇ? ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎಂದುಕೊಂಡಿದ್ದೀಯೇನೋ. ಅಪ್ಪನೂ ಹೀಗೇ ಇದ್ದರು. ಅವರ ಮೌನಕ್ಕೆಲ್ಲ ಅರ್ಥ ಹೇಳಿ ಹೇಳಿ ಅಮ್ಮ ಸೋತಳು. ನಿನ್ನ ಹೆಂಡತಿ ಸೋಲಲು ಒಪ್ಪದೆ ಹೊರಟಳು, ಅದು ತಪ್ಪು ಎಂದು ನಾನು ಹೇಳಲಾರೆ.

ಇಸ್ತ್ರಿಯಾಕೆ ಕರೆಯುತ್ತಿದ್ದಾಳೆ. ಹೊತ್ತಿಗೆ ಉಣ್ಣು.

ನಿನ್ನಿಂದ ಬೇಸತ್ತ, ಆದರೂ ನಿನ್ನವಳೇ ಆದ,
ಅಕ್ಕ

ಮರೆತಿದ್ದೆ: ಸೋಮವಾರ ನಿನ್ನ ಹೆಂಡತಿ ಇಲ್ಲಿಗೆ ಬಂದಿದ್ದಳು. ರಸ್ತೆಯಾಚೆ ಕಂಡಕೂಡಲೇ ಕುಂಡವನ್ನು ಟ್ರಯಲ್ ರೂಮಿಗೆ ತಳ್ಳಿ ಪರದೆ ಎಳೆದೆ. ಗಿಡ ನಿಮ್ಮ ಹತ್ತಿರ ಇದೆಯಂತೆ ಎಂದಳು. ಎರಡು ದಿನ ಇತ್ತು, ಆಗಲೇ ವಾಪಸು ಕಳಿಸಿದೆ ಎಂದೆ. ಈ ಕಾಗದ ತಂದ ವ್ಯಾನಿನಲ್ಲೇ ಗಿಡ ಇದೆ, ಇಳಿಸಿಕೋ.

ಅವಳು, "ಹಾಗಾದ್ರೆ ಭಾನುವಾರ ಅಲ್ಲಿಗೇ ಹೋಗ್ತೀನಿ ಅತ್ತಿಗೆ. ಅವರು ಮನೇಲಿ ಇರ್ತಾರಾ?" ಎಂದಳು. ಗಿಡ ಒಯ್ಯಲು ಅವನೇಕೆ ಇರಬೇಕು ಎಂದು ನಾನು ಕೇಳಲಿಲ್ಲ. ಇರುತ್ತಾನೆ ಎಂದೆ.

ಇರು.